ಪ್ರಿಸ್ಟಿನಾ ಪುರಸಭೆ ಚುನಾವಣೆ: ಹೊಸ ದೇಶದ ರಾಜಧಾನಿ ಮತ ಹಾಕಿದ್ದು ಯಾವುದಕ್ಕೆ?

ಮೈಸೂರಿನ ಓದುಗ (ಚರ್ಚೆಯ ಆರಂಭ)

ಮಾನ್ಯರೇ,

ಅಲ್ಬೇನಿಯನ್ನರು ಬಹುಸಂಖ್ಯಾತರಾಗಿರುವ ಕೊಸೊವೊ 2008ರ ಫೆಬ್ರವರಿ 17ರಂದು ಸರ್ಬಿಯಾದಿಂದ ಸ್ವಾತಂತ್ರ್ಯ ಘೋಷಿಸಿಕೊಂಡದ್ದು ಇಲ್ಲಿ ಅನೇಕರಿಗೆ ನೆನಪಿರಬಹುದು. ಆ ಘೋಷಣೆಯ ನಂತರ ಅಲ್ಲಿ ನಡೆದ ಮೊದಲ ಚುನಾವಣೆ ಸಂಸತ್ತಿನದಲ್ಲ, ಪುರಸಭೆಗಳದು. ಈ ಸಂಗತಿಗೆ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲವೆಂದು ನನಗೆ ಅನ್ನಿಸುವುದರಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ. 2009ರ ನವೆಂಬರ್ 15ರಂದು ನಡೆದ ಆ ಚುನಾವಣೆಯ ಹೊಣೆ ಹೊತ್ತದ್ದು ದೇಶದ್ದೇ ಆದ ಕೇಂದ್ರ ಚುನಾವಣಾ ಆಯೋಗ. ದೇಶದಾದ್ಯಂತ ಮತ ಹಾಕಿದವರು ನೂರಕ್ಕೆ ಸುಮಾರು 45 ಮಂದಿ. ರಾಜಧಾನಿ ಪ್ರಿಸ್ಟಿನಾದಲ್ಲಿ ಕೊಸೊವೊ ಡೆಮಾಕ್ರಟಿಕ್ ಲೀಗ್ ಪಕ್ಷದ ಇಸಾ ಮುಸ್ತಫಾ ಮೊದಲ ಸುತ್ತಿನಲ್ಲೇ ಗೆದ್ದು ಮೇಯರ್ ಸ್ಥಾನವನ್ನು ಉಳಿಸಿಕೊಂಡರು.

ಆ ದಿನಗಳ ಪ್ರಿಸ್ಟಿನಾವನ್ನು ಸ್ವಲ್ಪ ಕಣ್ಣ ಮುಂದೆ ತಂದುಕೊಳ್ಳೋಣ. ಮತದಾನಕ್ಕೆ ಎರಡು ವಾರ ಮೊದಲು, ನವೆಂಬರ್ 1ರಂದು, 1999ರ ಯುದ್ಧದಲ್ಲಿ ಕೊಸೊವೊದ ಅಲ್ಬೇನಿಯನ್ನರ ಪರ ನಿಂತಿದ್ದ ಅಮೆರಿಕದ ಮಾಜಿ ಅಧ್ಯಕ್ಷ ಬಿಲ್ ಕ್ಲಿಂಟನ್ ಸ್ವತಃ ಬಂದು ತಮ್ಮ ಹೆಸರಿನ ರಸ್ತೆಯಲ್ಲಿ ನಿಲ್ಲಿಸಿದ್ದ ತಮ್ಮದೇ ಪ್ರತಿಮೆಯ ಅನಾವರಣದಲ್ಲಿ ಪಾಲ್ಗೊಂಡಿದ್ದರು. ಸ್ವಾತಂತ್ರ್ಯದ ದಿನ ಅನಾವರಣಗೊಂಡ ‘ನ್ಯೂಬಾರ್ನ್’ ಎಂಬ ದೊಡ್ಡ ಅಕ್ಷರಗಳ ಸ್ಮಾರಕ ನಗರದ ನಡುವೆ ನಿಂತಿತ್ತು. ಅದೇ ನಗರದಲ್ಲಿ ರಾತ್ರಿಯಾದರೆ ನಲ್ಲಿಗಳಲ್ಲಿ ನೀರು ನಿಲ್ಲುತ್ತಿತ್ತು. ಪಕ್ಕದ ಓಬಿಲಿಚ್‌ನಲ್ಲಿ ಲಿಗ್ನೈಟ್ ಸುಡುವ ವಿದ್ಯುತ್ ಸ್ಥಾವರಗಳಿದ್ದರೂ ಕರೆಂಟು ಹೋಗಿಬಂದು ಮಾಡುತ್ತಿತ್ತು. ಎರಡಂತಸ್ತಿನ ಮನೆಗಳ ಮೇಲೆ ಯಾವ ನಕ್ಷೆಯೂ ಇಲ್ಲದೆ ಮತ್ತೆ ಮೂರು ಅಂತಸ್ತುಗಳು ಏರುತ್ತಿದ್ದವು.

ನನ್ನ ಅಭಿಪ್ರಾಯವನ್ನು ನೇರವಾಗಿ ಹೇಳುತ್ತೇನೆ. ಹೊಸದಾಗಿ ಸ್ವತಂತ್ರವಾದ ದೇಶದ ರಾಜಧಾನಿಯಲ್ಲಿ ಪುರಸಭೆಗೆ ಹಾಕುವ ಮತ ಮೊದಮೊದಲು ಸ್ವಾತಂತ್ರ್ಯ ತಂದವರಿಗೆ ಸಲ್ಲಿಸುವ ಕೃತಜ್ಞತೆಯಾಗಿರುತ್ತದೆ. ಅದು ನೀರಿನ, ಕಸದ, ಕಟ್ಟಡದ ಲೆಕ್ಕ ಕೇಳುವ ಮತವಾಗಿ ಬದಲಾಗುವ ದಿನವೇ ಆ ಊರು ನಿಜವಾಗಿ ತನ್ನ ಕಾಲ ಮೇಲೆ ನಿಲ್ಲುವ ದಿನ. ಪ್ರಿಸ್ಟಿನಾಕ್ಕೆ ಆ ದಿನ ಬಂದದ್ದು 2013ರ ಡಿಸೆಂಬರ್ 1ರಂದು. ಮೊದಲ ಸುತ್ತಿನಲ್ಲಿ ಸ್ಪಷ್ಟವಾಗಿ ಮುಂದಿದ್ದ ಮುಸ್ತಫಾ ಅವರನ್ನು ಎರಡನೆಯ ಸುತ್ತಿನಲ್ಲಿ ಮೂವತ್ತೈದು ವರ್ಷದ ಶ್ಪೆಂಡ್ ಅಹ್ಮೆತಿ ಸುಮಾರು 52ಕ್ಕೆ 48ರ ಅಂತರದಲ್ಲಿ ಸೋಲಿಸಿದರು.

ವ್ಯವಸ್ಥೆಯ ಬಗ್ಗೆ ಒಂದು ಮಾತು. ಅಲ್ಲಿ ಮೇಯರ್ ಅವರನ್ನು ಜನರೇ ನೇರವಾಗಿ ಆರಿಸುತ್ತಾರೆ. ಚಲಾಯಿತ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಯಾರಿಗೂ ಬಾರದಿದ್ದರೆ ಮೊದಲ ಇಬ್ಬರ ನಡುವೆ ಎರಡನೆಯ ಸುತ್ತು ನಡೆಯುತ್ತದೆ. ಪ್ರಿಸ್ಟಿನಾ ಪುರಸಭೆಯ 51 ಸ್ಥಾನಗಳನ್ನು ಪಕ್ಷಗಳಿಗೆ ಮತಪ್ರಮಾಣದಂತೆ ಹಂಚಲಾಗುತ್ತದೆ. ಪ್ರತಿ ಪಟ್ಟಿಯಲ್ಲಿ ಶೇ. 30ರಷ್ಟು ಮಹಿಳೆಯರಿಗೆ ಜಾಗವಿರಬೇಕು. ವಾರ್ಡ್ ಎಂಬುದೇ ಇಲ್ಲದಿರುವುದರಿಂದ ನಮ್ಮ ಕಡೆಯಂತೆ ‘ನಮ್ಮ ಬೀದಿಯ ಕಾರ್ಪೊರೇಟರ್’ ಎಂದು ಹಿಡಿದು ಕೇಳಲು ಯಾರೂ ಸಿಗುವುದಿಲ್ಲ. ಎಲ್ಲ ನಿರೀಕ್ಷೆಯೂ ಮೇಯರ್ ಅವರ ಹೆಗಲ ಮೇಲೇ ಬೀಳುತ್ತದೆ.

ಬಲ್ಲವರು ತಿದ್ದಬೇಕು, ಸೇರಿಸಬೇಕು ಎಂದು ಕೋರುತ್ತೇನೆ.

ಧಾರವಾಡದ ಅಧ್ಯಾಪಕಿ

ವಿಷಯ ಎತ್ತಿದ್ದಕ್ಕೆ ಧನ್ಯವಾದಗಳು. ಆದರೆ ನಿಮ್ಮ ಬರಹವನ್ನು ಓದಿದವರಿಗೆ ಪ್ರಿಸ್ಟಿನಾದ ಜನ 2009ರಲ್ಲಿ ಮೊದಲ ಬಾರಿಗೆ ಪುರಸಭೆಗೆ ಮತ ಹಾಕಿದರೆಂಬ ಭಾವನೆ ಬರುವಂತಿದೆ. 1999ರಲ್ಲಿ ಸರ್ಬಿಯಾದೊಡನೆ ಯುದ್ಧ ಮುಗಿದ ಮೇಲೆ ವಿಶ್ವಸಂಸ್ಥೆಯ ಆಡಳಿತದಲ್ಲಿ 2000, 2002 ಮತ್ತು 2007ರಲ್ಲಿ ಅಲ್ಲಿ ಪುರಸಭೆ ಚುನಾವಣೆಗಳು ನಡೆದಿದ್ದವು. ಮೇಯರ್ ಅವರ ನೇರ ಆಯ್ಕೆ ಆರಂಭವಾದದ್ದೂ 2007ರಲ್ಲಿ, ಸ್ವಾತಂತ್ರ್ಯಕ್ಕೆ ಮೊದಲೇ. ಮುಸ್ತಫಾ ಮೊದಲು ಗೆದ್ದದ್ದು ಆಗಲೇ. ದೇಶ ಹುಟ್ಟುವ ಮೊದಲೇ ಊರು ಮತ ಹಾಕಲು ಕಲಿತಿತ್ತು. ಈ ಹಿಂದುಮುಂದನ್ನು ಗಮನಿಸದೆ 2013ಕ್ಕೆ ಬಂದರೆ ತೀರ್ಮಾನ ತಪ್ಪಾಗುತ್ತದೆ.

ಬೆಳಗಾವಿಯ ನಿವೃತ್ತ ಪೊಲೀಸ್ ಅಧಿಕಾರಿ

ಅಧ್ಯಾಪಕಿಯವರ ಮಾತನ್ನು ನಾನು ಕಣ್ಣಾರೆ ಕಂಡದ್ದರ ಆಧಾರದಿಂದ ಒಪ್ಪುತ್ತೇನೆ. ಕೊಸೊವೊವನ್ನು ದೇಶವೆಂದು ಭಾರತ ಇಂದಿಗೂ ಮಾನ್ಯ ಮಾಡಿಲ್ಲವಾದರೂ, ಅಲ್ಲಿನ ವಿಶ್ವಸಂಸ್ಥೆಯ ಪೊಲೀಸ್ ಪಡೆಗೆ ನಮ್ಮ ದೇಶದಿಂದ ಅಧಿಕಾರಿಗಳು ಹೋಗಿದ್ದರು. ಅವರಲ್ಲಿ ನಾನೂ ಒಬ್ಬ. 2000ದ ಅಕ್ಟೋಬರ್ 28ರಂದು ಮತಗಟ್ಟೆಯೊಂದರ ಹೊರಗೆ ಕಾವಲಿನ ಕೆಲಸದಲ್ಲಿದ್ದೆ.

ಮತಗಟ್ಟೆ ಒಂದು ಶಾಲೆ. ಬೆಳಗಿನ ಚಳಿಯಲ್ಲಿ ಬಾಗಿಲು ತೆರೆಯುವ ಮೊದಲೇ ಸಾಲು ಗೇಟು ದಾಟಿ ರಸ್ತೆಗೆ ಬಂದಿತ್ತು. ಒಳಗೆ ಕೆಲಸ ನಿಧಾನ, ಏಕೆಂದರೆ ಪ್ರತಿಯೊಬ್ಬರ ಹೊಸ ಗುರುತಿನ ದಾಖಲೆಯನ್ನು ಪಟ್ಟಿಯೊಡನೆ ಹೋಲಿಸಿ ನೋಡಬೇಕಾಗಿತ್ತು. ಮೂರು, ನಾಲ್ಕು ಗಂಟೆ ನಿಂತವರೂ ಮನೆಗೆ ಹೋಗಲಿಲ್ಲ. ಬಿಳಿಯ ಉಣ್ಣೆಯ ಟೋಪಿ ಧರಿಸಿದ್ದ ಹಿರಿಯರೊಬ್ಬರನ್ನು ಅವರ ಮೊಮ್ಮಗ ಬೆನ್ನ ಮೇಲೆ ಹೊತ್ತು ತಂದಿದ್ದ. ಸಾಲಿನಲ್ಲಿದ್ದವರೆಲ್ಲ ಸರಿದು ಅವರನ್ನು ಮುಂದೆ ಬಿಟ್ಟರು. ಮತ ಹಾಕಿ ಹೊರಬಂದ ಆ ಹಿರಿಯರು ತಮಗೆ ತಿಳಿಯದ ಭಾಷೆಯ ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದು ಬಹಳ ಹೊತ್ತು ಬಿಡಲಿಲ್ಲ. ಆ ದಿನ ನೂರಕ್ಕೆ ಸುಮಾರು 79 ಮಂದಿ ಮತ ಹಾಕಿದ್ದರು.

ಫಲಿತಾಂಶ ನಮ್ಮಲ್ಲಿ ಅನೇಕರ ಎಣಿಕೆಯನ್ನು ತಲೆಕೆಳಗು ಮಾಡಿತು. ಯುದ್ಧ ನಿಂತು ಒಂದೂವರೆ ವರ್ಷವೂ ಆಗಿರಲಿಲ್ಲ. ಬಂದೂಕು ಹಿಡಿದು ಹೋರಾಡಿದವರಿಂದ ಹುಟ್ಟಿದ, ಹಾಶಿಮ್ ಥಾಚಿ ಅವರ ಪಕ್ಷವೇ ಗೆಲ್ಲುತ್ತದೆಂದು ಮಾತಾಡಿಕೊಳ್ಳುತ್ತಿದ್ದೆವು. ಆದರೆ ಶಾಂತಿಯ ದಾರಿ ಹಿಡಿದಿದ್ದ ಇಬ್ರಾಹಿಮ್ ರುಗೊವಾ ಅವರ ಡೆಮಾಕ್ರಟಿಕ್ ಲೀಗ್‌ಗೆ ಶೇ. 58, ಥಾಚಿ ಅವರ ಪಕ್ಷಕ್ಕೆ ಶೇ. 27ರಷ್ಟು ಮತ ಬಂದವು. ಹಾಗಾಗಿ, ಮೈಸೂರಿನವರೇ, ಮೊದಲ ಮತ ಹೋರಾಟಗಾರರಿಗೆ ಸಲ್ಲುವ ಕೃತಜ್ಞತೆ ಎಂಬ ನಿಮ್ಮ ಮಾತು ಅಲ್ಲಿಗೆ ಪೂರ್ತಿಯಾಗಿ ಹೊಂದುವುದಿಲ್ಲ. ಯುದ್ಧದ ನಂತರದ ತಿಂಗಳುಗಳಲ್ಲಿ ಪುರಸಭೆ ಕಚೇರಿಗಳನ್ನು ತಾವಾಗಿಯೇ ವಶಪಡಿಸಿಕೊಂಡು ಕುಳಿತವರನ್ನು ಜನ ನೋಡಿದ್ದರು, ಅದಕ್ಕೆ ಮತದ ಮೂಲಕ ಉತ್ತರ ಕೊಟ್ಟರು ಎಂದು ನಾನು ತಿಳಿದಿದ್ದೇನೆ.

ಇನ್ನೊಂದು ಮಾತನ್ನು ಮರೆಮಾಚಬಾರದು. ಆ ಸಾಲಿನಲ್ಲಿ ಸರ್ಬಿಯನ್ನರು ಇರಲಿಲ್ಲ. ಅವರು ಹೆಸರನ್ನೇ ನೋಂದಾಯಿಸಿಕೊಂಡಿರಲಿಲ್ಲ. ನಗರದೊಳಗೆ ಅವರಲ್ಲಿ ಬಹುಪಾಲು ಜನ ಉಳಿದೂ ಇರಲಿಲ್ಲ.

ಬೆಂಗಳೂರಿನ ನಗರ ಯೋಜಕ

ಪೊಲೀಸ್ ಅಧಿಕಾರಿಗಳು ಹೇಳಿದ ಚುನಾವಣೆಗೆ ಏಳು ವಾರ ಮೊದಲು ನಡೆದ ಒಂದು ಘಟನೆಯನ್ನು ಇಲ್ಲಿ ದಾಖಲಿಸಲೇಬೇಕು. 2000ದ ಸೆಪ್ಟೆಂಬರ್ 11ರಂದು ಪ್ರಿಸ್ಟಿನಾದ ನಗರ ಯೋಜನಾ ವಿಭಾಗದ ಮುಖ್ಯಸ್ಥರಾಗಿದ್ದ ವಾಸ್ತುಶಿಲ್ಪಿ ರೆಜೆಪ್ ಲುಚಿ ಅವರನ್ನು ಗುಂಡಿಕ್ಕಿ ಕೊಲ್ಲಲಾಯಿತು. ಅಕ್ರಮ ಕಟ್ಟಡಗಳನ್ನು ಕೆಡವುವ ಕಾರ್ಯವನ್ನು ಅವರು ಆರಂಭಿಸಿದ ಬೆನ್ನಿಗೇ ಇದು ನಡೆಯಿತು. ನನ್ನ ವೃತ್ತಿಯವರಿಗೆ ಆ ಹೆಸರು ಬರೀ ಹೆಸರಲ್ಲ. ಸೆಟ್‌ಬ್ಯಾಕ್ ಬಿಡಲಿಲ್ಲವೆಂದು ಕಟ್ಟಡವೊಂದರ ಕೆಲಸ ನಿಲ್ಲಿಸುವ ಕಾಗದಕ್ಕೆ ಸಹಿ ಹಾಕುವ ಕೈ ಎಷ್ಟು ಒಂಟಿಯಾಗಿರುತ್ತದೆಂಬುದು ಸಹಿ ಹಾಕಿದವರಿಗೆ ಗೊತ್ತು.

ಯುದ್ಧದ ನಂತರ ಸುಟ್ಟ ಹಳ್ಳಿಗಳಿಂದ ಜನ ರಾಜಧಾನಿಗೆ ಬಂದರು. ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿದ್ದ ಬಂಧುಗಳು ಹಣ ಕಳುಹಿಸಿದರು. ವಿದೇಶಿ ಸಂಸ್ಥೆಗಳ ಸಿಬ್ಬಂದಿಗೆ ಬಾಡಿಗೆ ಮನೆಗಳು ಬೇಕಾಗಿದ್ದವು. ಅನುಮತಿ ಕೊಡುವ ಕಚೇರಿಯೇ ಸರಿಯಾಗಿಲ್ಲದ ಆ ಹೊತ್ತಿನಲ್ಲಿ ಮನೆಗಳು ಒಂದರ ಕಿಟಕಿಗೆ ಇನ್ನೊಂದರ ಗೋಡೆ ತಾಗುವಂತೆ ಎದ್ದವು. ಹಳೆಯ ಕಟ್ಟಡದ ತಾರಸಿಯ ಮೇಲೆ ಬೇರೊಬ್ಬರ ಮನೆ ಕೂತಿತು. ಇಂಥ ಊರಿನಲ್ಲಿ ಪುರಸಭೆ ಚುನಾವಣೆಯ ನಿಜವಾದ ಪ್ರಶ್ನೆ ಒಂದೇ: ಮುಂದಿನ ನಾಲ್ಕು ವರ್ಷ ಕಟ್ಟಡದ ಪರವಾನಗಿ ಯಾರ ಕೈಯಲ್ಲಿರುತ್ತದೆ? ನಮ್ಮ ‘ಅಕ್ರಮ–ಸಕ್ರಮ’ದ ಜಗಳವನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅಲ್ಲಿಯೂ ಕೊನೆಗೆ ಅನುಮತಿಯಿಲ್ಲದ ಕಟ್ಟಡಗಳನ್ನು ಸಕ್ರಮಗೊಳಿಸುವ ಕಾನೂನು ಬಂತು.

2013ರಲ್ಲಿ ಅಹ್ಮೆತಿ ಗೆದ್ದದ್ದಕ್ಕೆ ಈ ಹಿನ್ನೆಲೆ ಮುಖ್ಯ. ಹಾರ್ವರ್ಡ್‌ನಲ್ಲಿ ಸಾರ್ವಜನಿಕ ಆಡಳಿತ ಓದಿ ಬಂದವರು ಎಂಬುದಕ್ಕಿಂತಲೂ, ಗುತ್ತಿಗೆ ಮತ್ತು ಪರವಾನಗಿಗಳ ಹಳೆಯ ಸರಪಳಿಯಲ್ಲಿ ಕೊಂಡಿಯಾಗಿರದ ವ್ಯಕ್ತಿ ಎಂಬುದೇ ಅವರ ಬಂಡವಾಳವಾಗಿತ್ತು.

ಧಾರವಾಡದ ಅಧ್ಯಾಪಕಿ

ಕಟ್ಟಡಗಳ ವಿಷಯ ಒಪ್ಪಿದೆ. ಆದರೆ ಈ ಚರ್ಚೆ ಇನ್ನೂ ಮುಟ್ಟದ ಒಂದು ಸಂಗತಿ ಇದೆ. ಅದೇ ಎಲ್ಲಕ್ಕಿಂತ ಗಂಭೀರವಾದದ್ದೆಂದು ನನ್ನ ನಂಬಿಕೆ.

ಸ್ವಾತಂತ್ರ್ಯ ಘೋಷಣೆಯಾದ ಮೂರನೆಯ ದಿನ, 2008ರ ಫೆಬ್ರವರಿ 20ರಂದು, ಕೊಸೊವೊ ಶಾಸನಸಭೆ ಎರಡು ಕಾನೂನುಗಳನ್ನು ಅಂಗೀಕರಿಸಿತು. ಒಂದು ಸ್ಥಳೀಯ ಸ್ವಯಮಾಡಳಿತದ್ದು, ಇನ್ನೊಂದು ಪುರಸಭೆಗಳ ಗಡಿಗಳದು. ವಿಶ್ವಸಂಸ್ಥೆಯ ಪ್ರತಿನಿಧಿ ಮಾರ್ಟಿ ಅಹ್ತಿಸಾರಿ 2007ರಲ್ಲಿ ಮುಂದಿಟ್ಟ ಯೋಜನೆಯ ತಿರುಳೇ ಇದಾಗಿತ್ತು: ಸರ್ಬಿಯನ್ನರು ಹೆಚ್ಚಾಗಿರುವ ಪ್ರದೇಶಗಳನ್ನು ಪ್ರತ್ಯೇಕ ಪುರಸಭೆಗಳಾಗಿ ಮಾಡಬೇಕು, ಅವುಗಳಿಗೆ ಶಾಲೆ, ಆಸ್ಪತ್ರೆ ಮುಂತಾದ ವಿಷಯಗಳಲ್ಲಿ ಹೆಚ್ಚಿನ ಅಧಿಕಾರವಿರಬೇಕು. ಅದರಂತೆ ಪ್ರಿಸ್ಟಿನಾದ ದಕ್ಷಿಣದ ಹಳ್ಳಿಗಳನ್ನು ಬೇರ್ಪಡಿಸಿ, ನೆರೆಯ ಪುರಸಭೆಗಳ ಕೆಲವು ಹಳ್ಳಿಗಳನ್ನೂ ಸೇರಿಸಿ, ಗ್ರಾಚಾನಿತ್ಸಾ ಎಂಬ ಹೊಸ ಪುರಸಭೆಯನ್ನು ರಚಿಸಲಾಯಿತು. 2011ರ ಜನಗಣತಿಯಲ್ಲಿ ಪ್ರಿಸ್ಟಿನಾ ಪುರಸಭೆಯ ಜನಸಂಖ್ಯೆ 1,98,897, ಗ್ರಾಚಾನಿತ್ಸಾದ್ದು 10,675.

ಹೀಗಿರುವಾಗ 2009ರ ಪ್ರಿಸ್ಟಿನಾ ಚುನಾವಣೆಯನ್ನು ಇಡೀ ರಾಜಧಾನಿಯ ತೀರ್ಪು ಎನ್ನುವುದು ಹೇಗೆ? ಗಡಿ ಎಳೆದ ಮೇಲೆ ಉಳಿದವರು ಬಹುತೇಕ ಒಂದೇ ಭಾಷೆಯವರು. ನೀರು, ಕಸ, ಕಟ್ಟಡದ ಲೆಕ್ಕ ಕೇಳಲು ಅವರಿಗೆ ಸಾಧ್ಯವಾದದ್ದೇ, ದೊಡ್ಡ ಪ್ರಶ್ನೆಯನ್ನು ಪುರಸಭೆಯ ಗಡಿಯಾಚೆ ಕಳುಹಿಸಿದ್ದರಿಂದಲ್ಲವೇ? ಗ್ರಾಚಾನಿತ್ಸಾದಲ್ಲಿ ಆ ನವೆಂಬರ್‌ನಲ್ಲಿ ಮತ ಹಾಕಿದವರು ಸುಮಾರು ನಾಲ್ಕರಲ್ಲಿ ಒಬ್ಬರು. ಸರ್ಬಿಯಾದ ರಾಜಧಾನಿ ಬೆಲ್‌ಗ್ರೇಡ್‌ನ ಸರ್ಕಾರ 2008ರ ಮೇ ತಿಂಗಳಲ್ಲಿ ಕೊಸೊವೊದ ಸರ್ಬಿಯನ್ ಪ್ರದೇಶಗಳಲ್ಲಿ ತನ್ನದೇ ಪುರಸಭೆ ಚುನಾವಣೆಗಳನ್ನು ನಡೆಸಿತ್ತು. ‘ಪ್ರಿಸ್ಟಿನಾ ನಗರಾಡಳಿತ’ ಎಂಬ ಫಲಕ ಹೊತ್ತ ಸರ್ಬಿಯಾದ ಕಚೇರಿ ಗ್ರಾಚಾನಿತ್ಸಾದಲ್ಲಿಯೇ ಇತ್ತು. ಒಂದು ರಾಜಧಾನಿಯ ಹೆಸರಿನಲ್ಲಿ ಎರಡು ಆಡಳಿತಗಳಿದ್ದ ಕಾಲದಲ್ಲಿ ಒಂದರ ಚುನಾವಣೆಯನ್ನು ಮಾತ್ರ ನೋಡಿ ಸಂತೋಷಪಡುವುದು ನನಗೆ ಒಪ್ಪಿಗೆಯಾಗುವುದಿಲ್ಲ.

ಮೈಸೂರಿನ ಓದುಗ

ಮೊದಲಿಗೆ ಪೊಲೀಸ್ ಅಧಿಕಾರಿಗಳಿಗೆ: ನಿಮ್ಮ ತಿದ್ದುಪಡಿಯನ್ನು ಸ್ವೀಕರಿಸುತ್ತೇನೆ. ‘ಕೃತಜ್ಞತೆಯ ಮತ’ ಎಂದು ನಾನು ಬರೆದದ್ದು ಅವಸರದ ಮಾತಾಯಿತು. ಆದರೆ 2000ದಲ್ಲಿ ಜನ ಮತ ಕೊಟ್ಟದ್ದೂ ರುಗೊವಾ ಎಂಬ ಇಡೀ ನಾಡಿನ ನಾಯಕರಿಗೆ. ಪುರಸಭೆಯ ಅಭ್ಯರ್ಥಿ ಯಾರೆಂಬುದು ಅಂದು ಮುಖ್ಯವಾಗಿರಲಿಲ್ಲ. ನನ್ನ ವಾದದಲ್ಲಿ ಅಷ್ಟು ಉಳಿಯುತ್ತದೆಂದುಕೊಂಡಿದ್ದೇನೆ.

ಅಧ್ಯಾಪಕಿಯವರ ಪ್ರಶ್ನೆಗೆ ಉತ್ತರಿಸುವುದು ಅಷ್ಟು ಸುಲಭವಲ್ಲ. ಗಡಿ ಎಳೆದದ್ದರಿಂದ ಪ್ರಿಸ್ಟಿನಾದ ಚುನಾವಣೆ ಹಗುರವಾಯಿತು ಎಂಬುದು ನಿಜ. ಆದರೆ ಗಡಿ ಎಳೆಯದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ನೋಡಬೇಕಾಗುತ್ತದೆ. 2004ರ ಮಾರ್ಚ್ ಗಲಭೆಯಲ್ಲಿ 19 ಮಂದಿ ಸತ್ತಿದ್ದರು. ಪ್ರಿಸ್ಟಿನಾದಲ್ಲಿ ಉಳಿದಿದ್ದ ಬೆರಳೆಣಿಕೆಯ ಸರ್ಬಿಯನ್ ಕುಟುಂಬಗಳೂ ಆಗ ಮನೆ ಬಿಟ್ಟವು. ಐದು ವರ್ಷದ ನಂತರ, 51 ಸದಸ್ಯರ ಸಭೆಯಲ್ಲಿ ಒಂದೆರಡು ಕುರ್ಚಿ ಕೊಟ್ಟು ‘ನಿಮ್ಮ ಅಹವಾಲು ಇಲ್ಲಿ ಹೇಳಿ’ ಎಂದಿದ್ದರೆ ಅವರು ಬರುತ್ತಿದ್ದರೇ? ತಮ್ಮದೇ ಪುರಸಭೆ, ತಮ್ಮದೇ ಮೇಯರ್, ತಮ್ಮ ಭಾಷೆಯ ಶಾಲೆ ಇದ್ದುದರಿಂದಲೇ ಬೆಲ್‌ಗ್ರೇಡ್‌ನ ಬಹಿಷ್ಕಾರದ ಕರೆಯ ನಡುವೆಯೂ ನಾಲ್ಕರಲ್ಲಿ ಒಬ್ಬರಾದರೂ ಬಂದರು. ಗ್ರಾಚಾನಿತ್ಸಾದಲ್ಲಿ ಅಂದು ಗೆದ್ದದ್ದು ಸರ್ಬಿಯನ್ನರದೇ ಆದ ಇಂಡಿಪೆಂಡೆಂಟ್ ಲಿಬರಲ್ ಪಕ್ಷ. ಆ ಒಬ್ಬರು ಮತಗಟ್ಟೆಗೆ ನಡೆದುಹೋದದ್ದು ನೆರೆಹೊರೆಯವರ ಮುನಿಸನ್ನು ಎದುರಿಸಿಯೇ. ಪ್ರಿಸ್ಟಿನಾದಲ್ಲಿ ಮತ ಹಾಕಿದ ಯಾರಿಗೂ ಅಷ್ಟು ಧೈರ್ಯ ಬೇಕಾಗಿರಲಿಲ್ಲ.

2013ರಲ್ಲಿ ಅಹ್ಮೆತಿ ನಿಂತ ವೆತೆವೆಂದೋಸ್ಯೆ, ಅಂದರೆ ‘ಸ್ವನಿರ್ಣಯ’, ಪಕ್ಷ ಅಹ್ತಿಸಾರಿ ಯೋಜನೆಯನ್ನು ಬೀದಿಯಲ್ಲಿ ವಿರೋಧಿಸಿ ಬೆಳೆದದ್ದು. 2007ರ ಫೆಬ್ರವರಿಯಲ್ಲಿ ಪ್ರಿಸ್ಟಿನಾದ ಆ ಪ್ರತಿಭಟನೆಯಲ್ಲಿ ಇಬ್ಬರು ಪ್ರಾಣ ಕಳೆದುಕೊಂಡಿದ್ದರು. ಆ ಪಕ್ಷದ ಅಭ್ಯರ್ಥಿ ರಾಜಧಾನಿಯ ಮೇಯರ್ ಆಗಲು ಹೊರಟಾಗ ಪ್ರಚಾರದಲ್ಲಿ ಮುಂದಿಟ್ಟದ್ದು ಮಾತ್ರ ಇಪ್ಪತ್ನಾಲ್ಕು ಗಂಟೆ ನೀರಿನಂಥ ಊರಿನ ವಿಷಯಗಳನ್ನು. ಬೀದಿಯ ಪಕ್ಷವನ್ನು ನೀರಿನ ಪೈಪಿನ ಹತ್ತಿರಕ್ಕೆ ತಂದದ್ದು ಪುರಸಭೆ ಚುನಾವಣೆಯೇ.

ಸ್ಟುಟ್‌ಗಾರ್ಟ್‌ನಿಂದ ಒಬ್ಬ ಕನ್ನಡಿಗ

ನೀರಿನ ಮಾತು ಬಂದದ್ದರಿಂದ ನಾನೂ ಬರೆಯುತ್ತಿದ್ದೇನೆ. ನಮ್ಮ ಕಾರ್ಖಾನೆಯಲ್ಲಿ ನನ್ನ ಜೊತೆ ಪಾಳಿಯಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರು ಪ್ರಿಸ್ಟಿನಾದವರು. ಅವರ ತಾಯಿ ಅಲ್ಲಿ ಒಂದು ಹಳೆಯ ಅಪಾರ್ಟ್‌ಮೆಂಟಿನ ಐದನೆಯ ಮಹಡಿಯಲ್ಲಿದ್ದರು. ರಾತ್ರಿ ನೀರು ನಿಲ್ಲುವ ಮೊದಲು ಆ ತಾಯಿ ಸ್ನಾನದ ತೊಟ್ಟಿ, ಅಡುಗೆಮನೆಯ ಪಾತ್ರೆ, ಪ್ಲಾಸ್ಟಿಕ್ ಬಾಟಲಿಗಳನ್ನೆಲ್ಲ ತುಂಬಿಸಿ, ಪ್ರತಿಯೊಂದರ ಮೇಲೂ ಒಂದು ತಟ್ಟೆ ಮುಚ್ಚಿ ಮಲಗುತ್ತಿದ್ದರಂತೆ. ಬೆಳಗ್ಗೆ ನೀರು ಬಂದರೂ ಮೇಲಿನ ಮಹಡಿಗೆ ಏರುವಷ್ಟು ಒತ್ತಡ ಇರುತ್ತಿರಲಿಲ್ಲ. ಇದನ್ನು ಕೇಳುವಾಗ ನನಗೆ ಹುಬ್ಬಳ್ಳಿಯ ನಮ್ಮ ಮನೆಯ ಹಿತ್ತಲು, ನಮ್ಮ ಅವ್ವ ಎಂಟು ದಿನಕ್ಕೊಮ್ಮೆ ಬರುವ ನೀರಿಗಾಗಿ ಸಾಲಾಗಿ ಇಟ್ಟಿರುತ್ತಿದ್ದ ಕೊಡಗಳು ಕಣ್ಣಿಗೆ ಕಟ್ಟುತ್ತಿದ್ದವು.

2013ರ ನವೆಂಬರ್ ಕೊನೆಯಲ್ಲಿ ಅವರು ಎರಡು ದಿನ ರಜೆ ಹಾಕಿ, ಆಸ್ಟ್ರಿಯಾ ದಾಟಿ, ತಮ್ಮನ ಜೊತೆ ಸರದಿಯಂತೆ ಕಾರು ಓಡಿಸಿಕೊಂಡು ಊರಿಗೆ ಹೋಗಿ ಎರಡನೆಯ ಸುತ್ತಿನಲ್ಲಿ ಮತ ಹಾಕಿ ಬಂದರು. ಅವರ ಮನೆತನ 1990ರ ದಶಕದಿಂದ ರುಗೊವಾ ಅವರ ಪಕ್ಷದ್ದು. ಸರ್ಬಿಯಾ ಆಡಳಿತ ಅಲ್ಬೇನಿಯನ್ ಮಕ್ಕಳಿಗೆ ಶಾಲೆಯ ಬಾಗಿಲು ಮುಚ್ಚಿದಾಗ ಮನೆಗಳಲ್ಲೇ ಸಮಾನಾಂತರ ತರಗತಿ ನಡೆಸಿದವರಲ್ಲಿ ಅವರ ತಂದೆಯೂ ಒಬ್ಬರು. ಅಂಥ ಮನೆಯವರು ಆ ಪಕ್ಷದ ವಿರುದ್ಧ ಮತ ಹಾಕಿ ಬಂದಿದ್ದರು. ತಂದೆಯ ಫೋಟೋ ಎದುರು ಕ್ಷಮೆ ಕೇಳಿ ಮತಗಟ್ಟೆಗೆ ಹೋದೆ ಎಂದು ಹೇಳುವಾಗ ಅವರ ಕಣ್ಣು ತುಂಬಿತ್ತು.

ಅಹ್ಮೆತಿ ಬಂದ ಮರುವರ್ಷವೇ ಮಳೆ ಕೈಕೊಟ್ಟು ನೀರಿನ ಕಷ್ಟ ಇನ್ನೂ ಹೆಚ್ಚಿತು ಎಂಬುದನ್ನೂ ಹೇಳಬೇಕು. ಪರಿಸ್ಥಿತಿ ಸುಧಾರಿಸಿದ್ದು ಇಬರ್ ನದಿಯ ಕಾಲುವೆಯಿಂದ ನೀರು ತರುವ ಶ್ಕಾಬಾಯ್ ಶುದ್ಧೀಕರಣ ಘಟಕ ಸಿದ್ಧವಾದ ಮೇಲೆ. ಅದು ಒಬ್ಬ ಮೇಯರ್ ಅವರ ಕೆಲಸವಲ್ಲ. ಅದರ ಯೋಜನೆಯಲ್ಲಿ ಜರ್ಮನಿಯ ಅಭಿವೃದ್ಧಿ ಬ್ಯಾಂಕಿನ ನೆರವೂ ಇತ್ತು.

ಬೆಂಗಳೂರಿನ ನಗರ ಯೋಜಕ

ಸ್ಟುಟ್‌ಗಾರ್ಟ್‌ನವರ ಕೊನೆಯ ಮಾತು ನ್ಯಾಯವಾದದ್ದು. ಮೇಯರ್ ಅವರನ್ನು ನೇರವಾಗಿ ಆರಿಸುವ ಊರಿನಲ್ಲಿ ಮಳೆ ಬಾರದಿದ್ದರೂ ಅವರೇ ಹೊಣೆ, ಬೇರೆಯವರು ಕಟ್ಟಿದ ಘಟಕದ ಶ್ರೇಯವೂ ಅವರಿಗೇ. ಆದರೂ ಕೇಳಲು ಒಬ್ಬರು ಇರುತ್ತಾರೆ. 2015ರಲ್ಲಿ ಆಯ್ಕೆಯಾದ ಬೆಂಗಳೂರಿನ ಪಾಲಿಕೆಯ ಅವಧಿ 2020ರ ಸೆಪ್ಟೆಂಬರ್‌ಗೆ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲದೆ, ಅಧಿಕಾರಿಗಳ ಆಡಳಿತದಲ್ಲಿ ಕಳೆದ ನಮಗೆ, ಯುದ್ಧದಿಂದ ಎದ್ದ ಒಂದು ಊರು 2000ದಿಂದ ಈಚೆಗೆ ಮತ್ತೆ ಮತ್ತೆ ಮತ ಹಾಕುತ್ತ ಬಂದಿರುವುದನ್ನು ಓದಿದಾಗ ನೋವಾಗುತ್ತದೆ.

2021ರ ಫಲಿತಾಂಶವನ್ನೂ ಯಾರಾದರೂ ಗಮನಿಸಬೇಕು. ಆ ಫೆಬ್ರವರಿಯಲ್ಲಿ ಸಂಸತ್ತಿನ ಚುನಾವಣೆಯಲ್ಲಿ ವೆತೆವೆಂದೋಸ್ಯೆಗೆ ದೇಶದ ಅರ್ಧದಷ್ಟು ಮತ ಬಂದಿತ್ತು. ಅದೇ ವರ್ಷ ನವೆಂಬರ್ 14ರ ಎರಡನೆಯ ಸುತ್ತಿನಲ್ಲಿ, ಮೊದಲ ಸುತ್ತಿನಲ್ಲಿ ಬಹಳ ಮುಂದಿದ್ದ ಆ ಪಕ್ಷದ ಅಭ್ಯರ್ಥಿ ಅರ್ಬೆನ್ ವಿತಿಯಾ ಅವರನ್ನು ಬಿಟ್ಟು, ಲಂಡನ್‌ನಲ್ಲಿ ವೃತ್ತಿ ನಡೆಸಿದ್ದ ವಾಸ್ತುಶಿಲ್ಪಿ ಪೆರ್ಪರಿಮ್ ರಾಮಾ ಅವರನ್ನು ಪ್ರಿಸ್ಟಿನಾ ಆರಿಸಿತು. ಲುಚಿ ಅವರನ್ನು ಕಳೆದುಕೊಂಡ ಊರು ಇಪ್ಪತ್ತೊಂದು ವರ್ಷದ ನಂತರ ಒಬ್ಬ ವಾಸ್ತುಶಿಲ್ಪಿಯ ಕೈಗೆ ಪುರಸಭೆಯನ್ನು ಕೊಟ್ಟದ್ದು ನನ್ನ ಮನಸ್ಸಿನಲ್ಲಿ ನಿಂತಿದೆ.

ಧಾರವಾಡದ ಅಧ್ಯಾಪಕಿ

ಮೈಸೂರಿನವರು ಕೊಟ್ಟ ಉತ್ತರ ಪ್ರಾಮಾಣಿಕವಾಗಿದೆ. ಅರ್ಧ ಒಪ್ಪುತ್ತೇನೆ. ಕೊಸೊವೊ ಮತ್ತು ಸರ್ಬಿಯಾ ನಡುವೆ 2013ರ ಏಪ್ರಿಲ್‌ನಲ್ಲಿ ಆದ ಬ್ರಸೆಲ್ಸ್ ಒಪ್ಪಂದದ ನಂತರ ಬೆಲ್‌ಗ್ರೇಡ್ ತಾನೇ ಮುಂದೆ ನಿಂತು ಮತ ಹಾಕಿರೆಂದು ಸರ್ಬಿಯನ್ನರಿಗೆ ಹೇಳಿದಾಗ ಗ್ರಾಚಾನಿತ್ಸಾದಲ್ಲಿ ಮತದಾನ ಬಹಳ ಏರಿತು. ಆದರೆ ಗೆದ್ದದ್ದು ಬೆಲ್‌ಗ್ರೇಡ್ ಬೆಂಬಲದ ಪಟ್ಟಿ. 2009ರಲ್ಲಿ ಧೈರ್ಯ ಮಾಡಿ ಬಂದವರ ಪಕ್ಷ ಸೋತಿತು. ಸರ್ಬಿಯನ್ನರೇ ಹೆಚ್ಚಾಗಿರುವ ಕೊಸೊವೊ ಉತ್ತರದ ನಾಲ್ಕು ಪುರಸಭೆಗಳಲ್ಲಿ 2023ರ ಏಪ್ರಿಲ್‌ನಲ್ಲಿ ಮತ್ತೆ ಬಹಿಷ್ಕಾರವಾಗಿ ಮತದಾನ ಶೇ. 4ನ್ನೂ ಮುಟ್ಟಲಿಲ್ಲ. ಗಡಿ ಎಳೆದು ಪುರಸಭೆ ಕೊಟ್ಟ ಮಾತ್ರಕ್ಕೆ ಜನ ಅದನ್ನು ತಮ್ಮದೆಂದು ಭಾವಿಸುವುದಿಲ್ಲ ಎಂಬ ನನ್ನ ಅರ್ಧ ಹಾಗೆಯೇ ಉಳಿಯುತ್ತದೆ.

ಸ್ಟುಟ್‌ಗಾರ್ಟ್‌ನವರು ಬರೆದ ತಾಯಿಯ ನೀರಿನ ಪಾತ್ರೆಗಳ ಬಗ್ಗೆ ಒಂದು ವಿವರ ಸೇರಿಸುತ್ತೇನೆ. ಪ್ರಿಸ್ಟಿನಾಕ್ಕೆ ಮೊದಲಿನಿಂದಲೂ ಕುಡಿಯುವ ನೀರು ಕೊಟ್ಟ ಜಲಾಶಯಗಳು ಎರಡು, ಬತ್ಲಾವಾ ಮತ್ತು ಬಾದೊವ್ಸ್. ಆ ಬಾದೊವ್ಸ್ ಜಲಾಶಯವನ್ನು ಸರ್ಬಿಯನ್ ಭಾಷೆಯಲ್ಲಿ ಗ್ರಾಚಾನಿತ್ಸಾ ಕೆರೆ ಎಂದೇ ಕರೆಯುತ್ತಾರೆ.